ಆಂಬುಲೆನ್ಸ್ ಘಟ್ಟ ಹತ್ತಿ ಬರುವವರೆಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೃದಯದ ತೊಂದರೆ ಎಂದರೆ ಮೊದಲು ಬರುವುದು ದೂರದ ಲೆಕ್ಕ. ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎಲ್ಲರೂ ಕೂಗಿದ್ದೇ ಕೂಗಿದ್ದು. ಬೇಕೇ ಬೇಕು, ಎರಡು ಮಾತಿಲ್ಲ. ಆದರೆ ಎದೆಬಡಿತವೇ ನಿಂತವರಿಗೆ ಆ ಆಸ್ಪತ್ರೆ ಪಕ್ಕದ ಊರಲ್ಲಿದ್ದರೂ ದೂರವೇ, ಯಾಕೆಂದರೆ ಯಾರೂ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ.

ಮದುವೆಮನೆಯಲ್ಲೋ ಆಟದ ಚಪ್ಪರದಲ್ಲೋ ಯಾರಾದರೂ ಕುಸಿದರೆ ನಾವು ಮಾಡುವುದೇನು? ನೀರು ಚಿಮುಕಿಸುತ್ತೇವೆ, ಬಾಯಿಗೂ ಹಾಕಲು ನೋಡುತ್ತೇವೆ, ಯಾರೋ ಕೈಗೆ ಕೀಲಿಗೊಂಚಲು ಹಿಡಿಸುತ್ತಾರೆ. 'ಉಸಿರಾಡ್ತಾ ಇದ್ರಲ್ಲ ಮಾರಾಯ್ರೇ' ಎನ್ನುತ್ತಾರೆ ಇನ್ನೊಬ್ಬರು. ದಡಕ್ಕೆ ಹಾಕಿದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುವುದು ಉಸಿರಾಟ ಅಲ್ಲ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಕರೆದರೆ ಓಗೊಡುತ್ತಿಲ್ಲ, ಉಸಿರು ಸರಿಯಾಗಿಲ್ಲ ಎಂದಾದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆ ಒತ್ತಲು ಶುರು ಮಾಡಲಿ.

ಹೀಗೆ ಎದೆ ಒತ್ತಿ ಜೀವ ಉಳಿಸಲು ನೋಡುವುದೇ ಸಿಪಿಆರ್. ಅದನ್ನು ಕಲಿಸುವ ಗೊಂಬೆ ಇರುತ್ತದಲ್ಲ, ಸಾಕಷ್ಟು ಆಳಕ್ಕೆ ಒತ್ತಿದರೆ ಮಾತ್ರ ಅದು ಟಕ್ ಎನ್ನುತ್ತದೆ. ಮೊದಲ ಸಲ ಕೈ ಇಟ್ಟವರಲ್ಲಿ ಹೆಚ್ಚಿನವರಿಗೆ ಆ ಟಕ್ ಬರುವುದೇ ಇಲ್ಲ. ಎದೆ ಐದಾರು ಸೆಂಟಿಮೀಟರ್ ತಗ್ಗಬೇಕು, ಅದು ಜಾಸ್ತಿಯೇ! ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ಮೊಣಕೈ ಮಡಚದೆ ಮೈಭಾರ ಹಾಕಿ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಪಕ್ಕೆಲುಬು ಮುರಿದೀತು ಅಂತ ಹೆದರಿ ಮೆಲ್ಲಗೆ ಒತ್ತಿದರೆ ಪ್ರಯೋಜನ ಇಲ್ಲ. ಮುರಿದ ಎಲುಬು ಕೂಡುತ್ತದೆ. ತೋಟದ ಕೆಲಸ ಮಾಡಿ ಗಟ್ಟಿಯಾದ ರಟ್ಟೆಯೂ ಎರಡು ನಿಮಿಷಕ್ಕೆ ಸೋಲುತ್ತದೆ, ಆಗ ಪಕ್ಕದವರು ಕೈ ಹಾಕಬೇಕು.

ಗೋಕರ್ಣ, ಮುರುಡೇಶ್ವರದಲ್ಲಿ ಸಮುದ್ರದಿಂದ ಎಳೆದು ತಂದವರ ಕತೆ ಬೇರೆ. ಅಲ್ಲಿ ಹೃದಯ ನಿಂತದ್ದೇ ಉಸಿರುಗಟ್ಟಿ, ಹಾಗಾಗಿ ಕಲಿತವರು ಮೊದಲು ಬಾಯಿಂದ ಉಸಿರು ಕೊಟ್ಟು ಆಮೇಲೆ ಎದೆ ಒತ್ತುತ್ತಾರೆ. ಹೊಟ್ಟೆ ಅದುಮಿ ನೀರು ತೆಗೆಯುತ್ತಾ ಕೂರುವುದು ಬೇಡ.

ಇನ್ನು ಎಇಡಿ. ತಾಳ ತಪ್ಪಿ ಅದುರುತ್ತಿರುವ ಹೃದಯಕ್ಕೆ ಕರೆಂಟ್ ಕೊಟ್ಟು ಸರಿದಾರಿಗೆ ತರುವ ಪುಟ್ಟ ಯಂತ್ರ ಅದು. ಮೈ ಒರೆಸಿ ಎರಡು ಪ್ಯಾಡ್ ಅಂಟಿಸಿದರೆ ಮುಂದೇನು ಅಂತ ಅದೇ ಮಾತಾಡಿ ಹೇಳುತ್ತದೆ, ಅಗತ್ಯ ಇಲ್ಲದವರಿಗೆ ಶಾಕ್ ಕೊಡುವುದೂ ಇಲ್ಲ. ಮಾರಿಕಾಂಬಾ ಜಾತ್ರೆಯ ಗದ್ದಲಕ್ಕೆ, ಬಸ್ ಸ್ಟ್ಯಾಂಡಿಗೆ, ಬೀಚಿಗೆ ಇದು ಬೇಕು ಅಂತ ನಾವು ಕೇಳುವುದೇ ಇಲ್ಲ, ಅಲ್ವಾ? ಇಟ್ಟರೂ ಆಫೀಸಿನ ಕಪಾಟಿನೊಳಗೆ ಬೀಗ ಹಾಕಿ ಇಡುವ ಕೆಲಸ ಆಗಬಾರದು.