ಅಮ್ಮನ ಸರ್ಪಸುತ್ತಿಗೆ ಡಿಪ್ರೆಶನ್ ಮಾತ್ರೆ

ಸರ್ಪಸುತ್ತಿನ ಗುಳ್ಳೆಗಳು ಒಣಗಿ ಉದುರಿ ಹೋಗಿದ್ದವು. ತಿಂಗಳುಗಳು ಕಳೆದರೂ ಅಮ್ಮನ ಪಕ್ಕೆಯ ಉರಿ ಮಾತ್ರ ಹೋಗಲಿಲ್ಲ. ರವಿಕೆ ತಾಗಿದರೂ ಸಾಕು, "ಕೆಂಡ ಇಟ್ಟಂಗಾಗ್ತದೆ" ಅನ್ನುತ್ತಿದ್ದಳು. ಕೆಮ್ಮಣ್ಣು ಹಚ್ಚಿದ್ದಾಯಿತು, ಮಂತ್ರ ಹಾಕಿಸಿದ್ದಾಯಿತು. ಕೊನೆಗೆ ಆಲೂರಿನಿಂದ ಬಸ್ಸು ಹತ್ತಿಸಿ ಹಾಸನಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಬರೆದರು. ರಾತ್ರಿ ಒಂದು. ಮೆಡಿಕಲ್ ಶಾಪ್ ಮುಂದೆ ನಿಂತು ತಮ್ಮನಿಗೆ ಫೋನ್ ಮಾಡಿ ಹೆಸರು ಓದಿದೆ. ಸ್ಪೀಕರ್ ಆನ್ ಇತ್ತು. "ಅಣ್ಣ, ಅದು ಡಿಪ್ರೆಶನ್ ಮಾತ್ರೆ ಕಣೋ" ಅಂದ.

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಂಗೇನು ತಲೆ ಕೆಟ್ಟದಾ? ನೋವು ಅಂದ್ರೆ ಸುಳ್ಳು ಅನ್ಕೊಂಡ್ರಾ ಡಾಕ್ಟ್ರು?"

ವಾಪಸ್ ಹೋದೆವು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ನೋವು ನಿಜಾನೇ ಅಮ್ಮಾ. ಗುಳ್ಳೆ ಹೋಯ್ತು, ಒಳಗಿನ ನರಕ್ಕೆ ಪೆಟ್ಟಾಗಿದೆ. ಅದು ಸುಮ್ನೆ ಸುಮ್ನೆ ಮೆದುಳಿಗೆ ನೋವಿನ ಸುದ್ದಿ ಕಳಿಸ್ತಿದೆ. ಈ ಮಾತ್ರೆ ಅದನ್ನ ತಗ್ಗಿಸುತ್ತೆ" ಅಂದರು. ಖಿನ್ನತೆಗೆ ಕೊಡುವ ಡೋಸ್ ಇದರ ಎಷ್ಟೋ ಪಟ್ಟು ಜಾಸ್ತಿಯಂತೆ.

ಆ ರಾತ್ರಿ ಕೂತು ಓದಿದೆ. ಅಮೆರಿಕದಲ್ಲಿ 1961ರಲ್ಲಿ ಖಿನ್ನತೆಗೆಂದು ಒಪ್ಪಿಗೆ ಸಿಕ್ಕ ಔಷಧಿ ಇದು. ನರಗಳು ಒಂದಕ್ಕೊಂದು ಸುದ್ದಿ ದಾಟಿಸಲು ಬಳಸುವ ಸೆರೊಟೋನಿನ್, ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕಗಳು ನರಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವಿಗೆ ತಡೆ ಹಾಕುವ ದಾರಿಗೂ ಇವೇ ಬೇಕು. 1982ರಲ್ಲಿ ಕೆನಡಾದ ವೈದ್ಯರು ಸರ್ಪಸುತ್ತಿನ ನಂತರದ ನೋವಿಗೇ ಕೊಟ್ಟು ನೋಡಿದ್ದರು. ಹೆಚ್ಚಿನವರಿಗೆ ಮನಸ್ಸಿನ ಸ್ಥಿತಿ ಬದಲಾಗದೆಯೇ ನೋವು ಇಳಿದಿತ್ತು. ಈಗ ಮೈಗ್ರೇನ್ ತಡೆಯಲೂ ಕೊಡುತ್ತಾರೆ. ಇದೇ ಗುಂಪಿನ ಇಮಿಪ್ರಮಿನ್ ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ. ಬೇರೆ ಗುಂಪಿನ ಡಿಪ್ರೆಶನ್ ಮಾತ್ರೆ ಬುಪ್ರೊಪಿಯಾನ್ ಸಿಗರೇಟು ಬಿಡುವವರಿಗೆ! ಪೇಟೆಂಟ್ ಮುಗಿದ ಅಗ್ಗದ ಮಾತ್ರೆಗೆ ಹೊಸ ಕೆಲಸ ಹುಡುಕಲು ಕಂಪನಿಗಳಿಗೆ ಏನು ಲಾಭ? ಆದರೆ ನಮ್ಮಂಥವರಿಗೆ ಬೇಕಿರೋದೇ ಅದು, ಅಲ್ವಾ?

ಮೊದಮೊದಲು ಅಮ್ಮನಿಗೆ ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಮಂಪರು. ಆಮೇಲೆ ಉರಿ ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ನಿದ್ದೆ ಬಂತು, ರವಿಕೆ ಹಾಕಿಕೊಳ್ಳುವಷ್ಟಾಯಿತು.

ಈಗ ಅವಳೇ ಡಾಕ್ಟರು. ಮೊನ್ನೆ ಪಕ್ಕದ ಮನೆ ಅತ್ತೆ ಕಾಲು ಉರಿ ಅಂದಿದ್ದಕ್ಕೆ, "ತಗೋ, ನರದ ಮಾತ್ರೆ" ಅಂತ ಶೀಟು ತೆಗೆದೇಬಿಟ್ಟಳು. ಅತ್ತೆಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ, ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ) ಇದೆ, ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆ. ಅಂಥವರಲ್ಲಿ ಕೆಲವರಿಗೆ ಇದು ಅಪಾಯ. ಡಾಕ್ಟರನ್ನು ಕೇಳದೆ ಬೇಡ ಅಂತ ಶೀಟು ಕಿತ್ತುಕೊಂಡೆ. ಅತ್ತೆ ಮುಖ ದಪ್ಪ ಮಾಡಿಕೊಂಡು ಹೋದರು.