ಗೆರೆ ದಾಟಿದ ಕೆಂಪು

ಡೊಂಬಿವಲಿ, 14 ಜುಲೈ 2024, ಭಾನುವಾರ

ಭಾವನವರ ಕಾಲಿನ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಆರು ದಿನ. ಹೋಟೆಲಿನ ಅಡುಗೆಮನೆಯಲ್ಲಿ ಗಾಜಿನ ಕಪಾಟು ಬಿದ್ದು ಅವರ ಎಡಗಾಲಿನ ಮೀನಖಂಡ ಸ್ನಾಯುವಿನವರೆಗೂ ಸೀಳಿತ್ತು. ಚೂರುಗಳನ್ನು ತೆಗೆದು, ಸ್ನಾಯುವನ್ನು ಜೋಡಿಸಿ, 14 ಹೊಲಿಗೆ ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಮೂರನೆಯ ದಿನ ಮನೆಗೆ ಕಳುಹಿಸಿದ್ದರು.

ಮೊದಲೆರಡು ದಿನ ಮೈ ಸ್ವಲ್ಪ ಬೆಚ್ಚಗಾಗಿದ್ದಕ್ಕೇ ನಾನು ಗಾಬರಿಗೊಂಡಿದ್ದೆ. ಶಸ್ತ್ರಚಿಕಿತ್ಸೆಯ ನಂತರದ 48 ಗಂಟೆಗಳಲ್ಲಿ ಬರುವ ಸಣ್ಣ ಜ್ವರ ಹೆಚ್ಚಾಗಿ ದೇಹದ ಸಹಜ ಪ್ರತಿಕ್ರಿಯೆಯೆಂದೂ, ಗಾಯದ ಸೋಂಕು ಸಾಮಾನ್ಯವಾಗಿ ಕೆಲವು ದಿನಗಳ ಬಳಿಕ ತಲೆ ಎತ್ತುತ್ತದೆಂದೂ ವೈದ್ಯರು ವಿವರಿಸಿದರು. ಬಟ್ಟೆಯ ಮೇಲೆ ಕಾಣುವ ತೆಳುವಾದ ನಸುಗೆಂಪು ನೀರಿಗೂ ಹೆದರಬೇಕಾಗಿಲ್ಲವಂತೆ. ಆದರೆ ನಿಜವಾಗಿ ಹೆದರಬೇಕಾಗಿದ್ದ ದಿನ ಜ್ವರವೇ ಇರಲಿಲ್ಲ.

ನಿನ್ನೆ ಸಂಜೆ ಅಕ್ಕ ಇಟ್ಟ ನೀರಿನ ಲೋಟ ತುಂಬಿದಂತೆಯೇ ಇತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಿದ್ದ ಭಾವ, ಮತ್ತೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಕೇಳಿದರೆ, "ಏನಿಲ್ಲ ಮಾರಾಯ, ಸ್ವಲ್ಪ ಸಿಡಿಯುತ್ತದೆ ಅಷ್ಟೇ" ಎಂದರು. ಗುರುವಾರ ಇಳಿದಿದ್ದ ನೋವು ಶನಿವಾರ ಏರುವುದೇಕೆ ಎಂದು ನನಗೆ ಅನುಮಾನವಾಯಿತು. ಪಟ್ಟಿ ಬಿಚ್ಚಿದಾಗ ಹೊಲಿಗೆಯ ಕೆಳತುದಿಯಲ್ಲಿ ಚರ್ಮ ಬಿಗಿದು, ಮುಟ್ಟಿದರೆ ಕಾದ ಹೆಂಚಿನಂತಿತ್ತು. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದೆ. ಇಂದು ಬೆಳಿಗ್ಗೆ ಏಳಕ್ಕೆ ಕೆಂಪು ಆ ಗೆರೆಯನ್ನು ಎರಡು ಬೆರಳಗಲ ದಾಟಿತ್ತು. ಹೊಲಿಗೆಯ ಸಂದಿನಿಂದ ಹಳದಿ ಕೀವು ಜಿನುಗಿ ವಾಸನೆ ಬರುತ್ತಿತ್ತು.

ಮಳೆಯಲ್ಲೇ ರಿಕ್ಷಾ ಹಿಡಿದು ತುರ್ತು ವಿಭಾಗಕ್ಕೆ ಹೋದೆವು. ನೋವಿಗೆಂದು ದಿನಕ್ಕೆ ಮೂರು ಸಲ ನುಂಗುತ್ತಿದ್ದ ಪ್ಯಾರಸಿಟಮಾಲ್ ಜ್ವರವನ್ನೂ ಮುಚ್ಚಿಟ್ಟಿತ್ತೆಂದು ಅಲ್ಲಿ ತಿಳಿಯಿತು. ಭಾವನಿಗೆ ಸಕ್ಕರೆ ಕಾಯಿಲೆ ಬೇರೆ. ಈ ಗಡಿಬಿಡಿಯಲ್ಲಿ ರಕ್ತದ ಸಕ್ಕರೆ ನೋಡುವುದನ್ನೇ ನಾವೆಲ್ಲ ಮರೆತಿದ್ದೆವು. ಎರಡು ಹೊಲಿಗೆ ಬಿಚ್ಚಿ, ಕೀವು ಹೊರಹಾಕಿ, ಅದರ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಆ ಭಾಗವನ್ನು ಮತ್ತೆ ಹೊಲಿಯದೆ ಗಾಯಕ್ಕಿಡುವ ಜಾಳು ಬಟ್ಟೆ (ಗಾಸ್) ತುಂಬಿದರು. ಕಾಲಿಡೀ ಊದಿದ್ದರಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ ಸ್ಕ್ಯಾನ್ ಕೂಡ ಮಾಡಿದರು, ಪುಣ್ಯಕ್ಕೆ ಅದಿರಲಿಲ್ಲ. ಇನ್ನು ಮುಂದೆ ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಗಾಯದ ಸುತ್ತ ಚರ್ಮ ಕಪ್ಪಾದರೆ ಅಥವಾ ಗುಳ್ಳೆ ಎದ್ದರೆ, ನೋಟಕ್ಕೆ ಕಾಣುವುದಕ್ಕಿಂತ ನೋವು ವಿಪರೀತವಾದರೆ, ನಡುರಾತ್ರಿಯಾದರೂ ಬರಬೇಕೆಂದು ವೈದ್ಯರು ಎರಡೆರಡು ಸಲ ಹೇಳಿದರು. ಅರಿಶಿನ ಮೆತ್ತಬಾರದೆಂದದ್ದು ಅಕ್ಕನ ಮುಖ ನೋಡಿಯೇ ಇರಬೇಕು.

ಈಗ ರಾತ್ರಿ ಹತ್ತು. ಹೊಸ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದಿದ್ದೇನೆ. ಮಾತ್ರೆ ಕೊಡುವ ಮೊದಲು ಥರ್ಮಾಮೀಟರ್ ಇಟ್ಟೆ: 99.4 ಡಿಗ್ರಿ. ಲೋಟದ ನೀರು ಅರ್ಧ ಖಾಲಿಯಾಗಿದೆ.