ಡಿಸ್ಪ್ಲೇ ಮಂಕಾದರೆ ಅಪ್ಪನ ಕಣ್ಣಿನ ಮೇಲೆ ಗೂಬೆ

"ಅಪ್ಪಾವ್ರಿಗೆ ಒಂದ್ಸಲ ಕಣ್ಣು ತೋರಿಸಿ ಮೇಡಂ."

ಈ ವಾರವೆಲ್ಲ ಇದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ. ಹೇಳಿದ್ದು ಸರ್ವಿಸ್ ಸೆಂಟರ್‌ನ ಅಡ್ವೈಸರ್ ಹುಡುಗ. ಹೇಳಿದ್ದು ನನಗೆ. ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಕಾರು ಅಪ್ಪನದು, ಓಡಿಸುವವರು ಅಪ್ಪ, ತೊಂದರೆ ವಿವರಿಸಿದ್ದೂ ಅಪ್ಪ. ಉತ್ತರ ಮಾತ್ರ ನನಗೆ.

ತೊಂದರೆ ಇಷ್ಟೇ. ಹಗಲು ಹೊತ್ತಲ್ಲಿ ಡ್ಯಾಶ್‌ಬೋರ್ಡ್ ಡಿಸ್ಪ್ಲೇ ಮಂಕು. ಹಾಸನದಿಂದ ಅರಸೀಕೆರೆ ಕಡೆ ಮಧ್ಯಾಹ್ನದ ಬಿಸಿಲಲ್ಲಿ ಹೋಗುವಾಗ ಸ್ಪೀಡ್ ಎಷ್ಟಿದೆ ಅಂತ ನೋಡಲು ಅಪ್ಪ ಒಂದು ಕೈಯನ್ನು ಸ್ಕ್ರೀನ್‌ಗೆ ನೆರಳಾಗಿ ಹಿಡಿದು ಬಗ್ಗಬೇಕಿತ್ತು. ಹಳೇ ಕಾರಲ್ಲಿ ಈ ರಗಳೆ ಇರಲಿಲ್ಲ. ಬಿಳಿ ಅಂಕಿ, ಕೆಂಪು ಮುಳ್ಳು, ಹಗಲಲ್ಲಿ ಅದಕ್ಕೆ ಲೈಟೇ ಬೇಡ. ಈಗಿನದು ಪೂರ್ತಿ ಸ್ಕ್ರೀನ್. ಒಳಗಿನ ಬೆಳಕು ಇಳಿದರೆ ಬಿಸಿಲಲ್ಲಿ ಏನೂ ಕಾಣಲ್ಲ.

ಮೊದಲ ಸಲ ಅಪ್ಪ ಒಬ್ಬರೇ ಹೋಗಿದ್ದಾಗ ಆ ಹುಡುಗ ಬ್ರೈಟ್‌ನೆಸ್ ಫುಲ್ ಇಟ್ಟು ಕಳಿಸಿದ್ದ. ಹಗಲಿಗೆ ಪರವಾಗಿಲ್ಲ ಅನಿಸಿತು. ಆದರೆ ಬೇಲೂರಿನಿಂದ ರಾತ್ರಿ ವಾಪಸ್ ಬರುವಾಗ ಸ್ಕ್ರೀನ್ ಕಣ್ಣಿಗೆ ಚುಚ್ಚುತ್ತಿತ್ತಂತೆ. ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೂಗಿನ ಕೆಳಗೇ ಅಷ್ಟು ಬೆಳಕಿದ್ದರೆ ರಸ್ತೆ ಬದಿಯಲ್ಲಿ ನಡೆಯುವವರು, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಯಾವುದೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಎರಡನೇ ಸಲ ನಾನೂ ಜೊತೆಗೆ ಹೋದೆ.

"ಹಗಲು ಕಾಣಲ್ಲ ಅಂತಾರೆ, ರಾತ್ರಿ ಜಾಸ್ತಿ ಅಂತಾರೆ. ಡಿಸ್ಪ್ಲೇ ಸರಿಯಾಗೇ ಇದೆ. ಅಪ್ಪಾವ್ರಿಗೆ ಒಂದ್ಸಲ ಕಣ್ಣು ತೋರಿಸಿ ಮೇಡಂ."

ಅವನು ಡಿಸ್ಪ್ಲೇ ನೋಡಿದ್ದು ಶೆಡ್ಡಿನ ನೆರಳಲ್ಲಿ. ನೆರಳಲ್ಲಿ ಎಲ್ಲ ಸ್ಕ್ರೀನೂ ಚೆನ್ನಾಗೇ ಕಾಣುತ್ತೆ. "ಆಚೆ ಬಿಸಿಲಿಗೆ ತಗೊಂಡು ನೋಡಪ್ಪ" ಅಂತ ಅಪ್ಪ ಹೇಳಿದರು. "ಎದುರಿಗೆ ಬರೋರೆಲ್ಲ ಲೈಟ್ ಹತ್ತಿದೆ ಅಂತ ಕೈ ಮಾಡ್ತಾರೆ" ಅಂತಲೂ ಹೇಳಿ, ಬೆರಳು ಅರಳಿಸಿ ಮುದುರಿಸಿ ತೋರಿಸಿದರು. ಹುಡುಗ ಟ್ಯಾಬ್‌ನಲ್ಲಿ ಏನೋ ಒತ್ತುತ್ತಾ ಇದ್ದ. ಅಪ್ಪನ ಕೈ ಒಂದು ಕ್ಷಣ ಗಾಳಿಯಲ್ಲೇ ಇತ್ತು. ಆಮೇಲೆ ಇಳಿಸಿಬಿಟ್ಟರು.

ಹೋದ ವರ್ಷವಷ್ಟೇ ಅಪ್ಪನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೇವೆ. ಪೇಪರಿನ ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕು, ಅಷ್ಟೇ. ಆದರೂ ಮನೆಗೆ ಬಂದ ಮೇಲೆ ಕೀ ನನ್ನ ಕೈಗಿಟ್ಟು, "ಇನ್ಮೇಲೆ ದೂರ ಹೋಗೋದಿದ್ರೆ ಡ್ರೈವರ್ ಇಟ್ಕೊಂಡ್ರೆ ಆಯ್ತು ಬಿಡು" ಅಂದರು. ನನಗೆ ಹೊಟ್ಟೆಯೊಳಗೆ ಉರಿ ಎದ್ದಿತು. ಯಾರೋ ಹುಡುಗನ ಒಂದು ಉಡಾಫೆ ಮಾತು, ನಲವತ್ತು ವರ್ಷ ಘಾಟಿಯಲ್ಲಿ ಗಾಡಿ ಓಡಿಸಿದ ಮನುಷ್ಯನ ಕೈಯಿಂದ ಕೀ ಬಿಡಿಸಿಬಿಟ್ಟಿತಲ್ಲ.

ಮರುದಿನ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವರು ಬಾನೆಟ್ ಎತ್ತಲಿಲ್ಲ, ಸ್ಕ್ಯಾನರ್ ಹಾಕಲಿಲ್ಲ. ಅಪ್ಪನನ್ನೇ ಕೇಳಿದರು, "ಹಗಲಲ್ಲಿ ಹೆಡ್‌ಲೈಟ್ ತಾನಾಗೇ ಹತ್ತುತ್ತಾ ಅಪ್ಪಾಜಿ?" ಅಪ್ಪ ಮತ್ತೆ ಅದೇ ಬೆರಳಿನ ಸನ್ನೆ ಮಾಡಿ ತೋರಿಸಿದರು. ಅವರು ಸೀದಾ ಡ್ಯಾಶ್‌ಬೋರ್ಡ್ ಮೇಲಿನ ಕಪ್ಪು ಮ್ಯಾಟಿನ ಮೂಲೆ ಎತ್ತಿದರು. ಗಾಜಿನ ಬುಡದಲ್ಲಿ ಕಡಲೆ ಗಾತ್ರದ ಒಂದು ಕಪ್ಪು ಗುಬುಟು. ಒಂದೆರಡು ಸೆಕೆಂಡ್ ಕಳೆಯಿತು. ಡಿಸ್ಪ್ಲೇ ಜಗ್ ಅಂತ ಹೊಳೆಯಿತು! ಅಂಗೈಯಿಂದ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ಮಂಕಾಯಿತು, ಹೆಡ್‌ಲೈಟ್ ಹತ್ತಿತು.

ಆ ಗುಬುಟೇ ಲೈಟ್ ಸೆನ್ಸರ್. ಹೊರಗಿನ ಬೆಳಕು ಅಳೆದು, ಕತ್ತಲಾಯಿತು ಅಂತ ಕಾರಿಗೆ ಹೇಳುವುದು ಅದು. ಕೆಲವು ಕಾರಲ್ಲಿ ಒಳಗನ್ನಡಿಯ ಹಿಂದೆ ಇರುತ್ತೆ, ಕೆಲವದರಲ್ಲಿ ಮೀಟರಿನೊಳಗೇ. ಮರದ ನೆರಳು ದಾಟಿದಾಗೆಲ್ಲ ಡಿಸ್ಪ್ಲೇ ಮಿಣಮಿಣ ಅನ್ನಬಾರದು ಅಂತ ಸ್ವಲ್ಪ ಕಾದು ಬದಲಾಗುತ್ತೆ. ಮ್ಯಾಟು ಅದರ ಮೇಲೆ ಕೂತು, ಕಾರಿಗೆ ಇಪ್ಪತ್ತನಾಲ್ಕು ಗಂಟೆಯೂ ರಾತ್ರಿಯೇ ಆಗಿತ್ತು. ಸೆಂಟರಿನವನು ಫುಲ್ ಇಟ್ಟಿದ್ದು ರಾತ್ರಿಯ ಬ್ರೈಟ್‌ನೆಸ್. ಈ ಕಾರಲ್ಲಿ ಹಗಲಿನದು ಬೇರೆ, ರಾತ್ರಿಯದು ಬೇರೆ ನೆನಪಿಟ್ಟುಕೊಳ್ಳುತ್ತೆ. ರಾತ್ರಿಯದನ್ನು ಕತ್ತಲಾದ ಮೇಲೆ ಲೈಟ್ ಹಾಕಿಕೊಂಡೇ ಹೊಂದಿಸಬೇಕು. ಅಪ್ಪ ಹೇಳಿದ ಎರಡು ಮಾತೂ, ಹಗಲು ಕಾಣಲ್ಲ, ರಾತ್ರಿ ಚುಚ್ಚುತ್ತೆ, ಅಕ್ಷರಶಃ ನಿಜ. ಎರಡಕ್ಕೂ ಕಾರಣ ಒಂದೇ.

ಇನ್ನು ಆ ಮ್ಯಾಟು. ಹಿಂದಿನ ಸರ್ವಿಸ್‌ನಲ್ಲಿ ಅದನ್ನು ಮಾರಿ, ಹಾಕಿಕೊಟ್ಟವರೂ ಅದೇ ಸೆಂಟರಿನವರು. ಸೆನ್ಸರ್ ಇಲ್ಲದ ಕೆಳಗಿನ ಮಾಡೆಲ್‌ದು ಅದು, ತೂತೇ ಇಲ್ಲ. ಎಲೆಕ್ಟ್ರಿಷಿಯನ್ ಬ್ಲೇಡಿನಲ್ಲಿ ದುಂಡಗೆ ಕತ್ತರಿಸಿ ಕೊಟ್ಟರು. ದುಡ್ಡು ಬೇಡ ಅಂದರು, ಅಪ್ಪ ಬಿಡಲಿಲ್ಲ.

ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತೆ. ಸರಿ, ಒಪ್ಪೋಣ. ಅದಕ್ಕೇ ಅಲ್ವಾ ಮಂಕು ಡಿಸ್ಪ್ಲೇ ಮೊದಲು ಗೊತ್ತಾಗುವುದು ವಯಸ್ಸಾದವರಿಗೆ? ಇಪ್ಪತ್ತೈದರ ಹುಡುಗ ಹೇಗೋ ಸುಧಾರಿಸಿಕೊಂಡು ಓಡಿಸಿಬಿಡುತ್ತಾನೆ. ಎಪ್ಪತ್ತು ದಾಟಿದವರು ಕಾಣಲ್ಲ ಅಂದರೆ ಆ ಮಾತಿಗೆ ಜಾಸ್ತಿ ಬೆಲೆ ಇರಬೇಕಿತ್ತು. ಆದರೆ ಬ್ಯಾಂಕಲ್ಲಿ, ಆಸ್ಪತ್ರೆಯಲ್ಲಿ, ಮೊಬೈಲ್ ಅಂಗಡಿಯಲ್ಲಿ ಎಲ್ಲ ಕಡೆ ನೋಡಿದ್ದೇನೆ. ಅಮ್ಮ ಕೇಳಿಸಲ್ಲ ಅಂದರೆ ಫೋನಿನ ಸ್ಪೀಕರ್ ಯಾರೂ ನೋಡುವುದಿಲ್ಲ, ಅಮ್ಮನ ಕಿವಿಯ ಬಗ್ಗೆಯೇ ಮಾತು, ಅದೂ ಪಕ್ಕದಲ್ಲಿರುವ ನಮ್ಮ ಹತ್ತಿರ.

ಸೆಂಟರಿನ ಮ್ಯಾನೇಜರ್‌ಗೆ ಪತ್ರ ಬರೆದಿದ್ದೇನೆ. ಮ್ಯಾಟಿನ ದುಡ್ಡು ವಾಪಸ್ ಕೇಳಿಲ್ಲ. ಆ ಹುಡುಗ ಅಪ್ಪನಿಗೇ ಫೋನ್ ಮಾಡಿ ಮಾತಾಡಲಿ ಅಂತ ಕೇಳಿದ್ದೇನೆ. ನನ್ನ ನಂಬರ್ ಕೊಟ್ಟಿಲ್ಲ, ಅಪ್ಪನದು ಮಾತ್ರ ಕೊಟ್ಟಿದ್ದೇನೆ.